ತುಟಿ ಕೂಡದ ಊರು

ಹರದನಹಳ್ಳಿ ಎಂದು ಒಮ್ಮೆ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ. ಮೊದಲಿನಿಂದ ಕೊನೆಯವರೆಗೆ ಮೇಲ್ದುಟಿ ಕೆಳದುಟಿಯನ್ನು ಒಮ್ಮೆಯೂ ಮುಟ್ಟುವುದಿಲ್ಲ. ದವಡೆ ಒಂದಿಷ್ಟು ಇಳಿದು ಏರುತ್ತದೆ, ಕೊನೆಯ ಇಕಾರಕ್ಕೆ ಬಾಯಿಯ ಅಂಚು ತುಸು ಅಗಲವಾಗುತ್ತದೆ, ಅಷ್ಟೆ. ಪಕ್ಕದ ಚಾಮರಾಜನಗರದ ಹೆಸರು ಹೇಳಿ: ಮಕಾರದಲ್ಲಿ ತುಟಿಗಳು ಕೂಡಿ ಬಿಡುತ್ತವೆ. ಗುಂಡ್ಲುಪೇಟೆ ಎನ್ನಿ: ತುಟಿ ಎರಡು ಸಲ ದುಂಡಗಾಗುತ್ತದೆ, ಒಂದು ಸಲ ಪೂರ್ತಿ ಮುಚ್ಚುತ್ತದೆ. ದೂರದಲ್ಲಿ ನಿಂತವರಿಗೂ ಆ ಹೆಸರು ಮುಖದ ಮೇಲೆ ಕಾಣುತ್ತದೆ. (ಚಾಮರಾಜನಗರಕ್ಕೆ ಮೊದಲು ಇದ್ದ ಹೆಸರು ಅರಿಕುಠಾರ. ಅದರಲ್ಲೂ ತುಟಿ ಮುಚ್ಚುವ ಅಕ್ಷರವಿಲ್ಲ. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಚಾಮರಾಜ ಒಡೆಯರ ನೆನಪಿಗೆ ಊರಿನ ಹೆಸರು ಬದಲಿಸಿದಾಗ ಆ ಊರಿಗೆ ಒಂದು ಮಕಾರವೂ ಬಂತು.)

ಮಾತನಾಡುವಾಗ ಮುಖ ಹೇಗೆ ಚಲಿಸುತ್ತದೆ ಎಂಬುದನ್ನು ಅಳೆಯಲು ಇಂದು ಬಳಕೆಯಲ್ಲಿರುವ ವಿಧಾನ ಮೋಷನ್ ಕ್ಯಾಪ್ಚರ್. 2009ರ ‘ಅವತಾರ್’ ಚಿತ್ರದ ನೀಲಿ ಮುಖಗಳಿಂದಾಗಿ ಹೆಚ್ಚಿನವರು ಈ ಹೆಸರು ಕೇಳಿದ್ದಾರೆ. ಸಿನಿಮಾದ ಗೊಡವೆಯಿಲ್ಲದ ಧ್ವನಿಶಾಸ್ತ್ರದ ಪ್ರಯೋಗಾಲಯಗಳಲ್ಲೂ ಅದು ದಶಕಗಳಿಂದ ಇದೆ. ತುಟಿಯ ಅಂಚು, ಗಲ್ಲ, ಕೆನ್ನೆ, ಹುಬ್ಬುಗಳಿಗೆ ಸಣ್ಣ ಮಣಿಗಳನ್ನು ಅಂಟಿಸುತ್ತಾರೆ. ಸುತ್ತಲಿನ ಕ್ಯಾಮೆರಾಗಳು ಪ್ರತಿ ಮಣಿ ಎಲ್ಲಿದೆ ಎಂಬುದನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಬರೆದುಕೊಳ್ಳುತ್ತವೆ. ಮುಖ ಉಳಿಯುವುದಿಲ್ಲ, ಅದರ ಚಲನೆ ಮಾತ್ರ ಉಳಿಯುತ್ತದೆ. ಇಂಥ ಕ್ಯಾಮೆರಾಗಳ ಮುಂದೆ ಹರದನಹಳ್ಳಿ ಎಂದರೆ ತುಟಿಯ ಮಣಿಗಳ ಗೆರೆ ಹೆಚ್ಚುಕಡಿಮೆ ಸಪಾಟು. ಆ ಸಪಾಟು ಗೆರೆಗೆ ಒಂದು ಚರಿತ್ರೆ ಇದೆ.

ಹಳೆಗನ್ನಡದಲ್ಲಿ ಹಳ್ಳಿ ‘ಪಳ್ಳಿ’. ಹಾಲು ‘ಪಾಲ್’, ಹಾವು ‘ಪಾವು’, ಹೂವು ‘ಪೂ’. ಇದು ಕನ್ನಡ ಓದಿದ ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗೆಯೇ ವ್ಯಾಪಾರಿಗೆ ಹಳೆಗನ್ನಡದಲ್ಲಿ ‘ಪರದ’ ಎಂಬ ಮಾತಿದೆ, ಅದೇ ಮುಂದೆ ‘ಹರದ’ ಆಯಿತು. ಊರಿನ ಹೆಸರನ್ನು ವ್ಯಾಪಾರಿಯ ಹಳ್ಳಿ ಎಂದು ಓದಿಕೊಂಡರೆ ಅದರ ಹಳೆಯ ಬಾಯಿ ‘ಪರದನಪಳ್ಳಿ’. ಈಗ ಇದನ್ನು ಕನ್ನಡಿಯ ಮುಂದೆ ಹೇಳಿ. ಎರಡು ಸಲ ತುಟಿಗಳು ಬಿಗಿಯಾಗಿ ಕೂಡಿ ಸಿಡಿಯುತ್ತವೆ.

ಪಕಾರ ಹಕಾರವಾದದ್ದು ಒಂದೇ ರಾತ್ರಿಯಲ್ಲಿ ಅಲ್ಲ. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರ ತಲೆಹಾಕತೊಡಗುತ್ತದೆ. 14ನೆಯ ಶತಮಾನದ ಹೊತ್ತಿಗೆ ಅದೇ ರೂಢಿ. ನಡುವಿನ ಕಾಲದಲ್ಲಿ ಒಂದೇ ಶಾಸನದಲ್ಲಿ ಎರಡೂ ರೂಪಗಳು ಅಕ್ಕಪಕ್ಕ ಕೂತಿರುವುದುಂಟು. ಲಿಪಿಕಾರನ ಕೈ ಹಳೆಯದನ್ನು ಬರೆಯುತ್ತಿತ್ತು, ಬಾಯಿ ಹೊಸದನ್ನು ಹೇಳುತ್ತಿತ್ತು. ಶಾಸನ ನಮಗೆ ತೋರಿಸುವುದು ಎರಡು ತುದಿಗಳನ್ನು ಮಾತ್ರ: ತುಟಿ ಮುಚ್ಚಿದ ಪ, ತುಟಿ ತೆರೆದ ಹ. ನಡುವೆ ತುಟಿಗಳು ಏನು ಮಾಡಿದವು? ಧ್ವನಿಶಾಸ್ತ್ರಜ್ಞರು ಇಂಥ ಕಡೆ ಒಂದು ಮಧ್ಯದ ಹಂತವನ್ನು ಊಹಿಸುತ್ತಾರೆ. ತುಟಿಗಳು ಹತ್ತಿರ ಬರುತ್ತವೆ, ಮುಟ್ಟುವುದಿಲ್ಲ, ದೀಪ ಆರಿಸುವಂತೆ ನಡುವಿನಿಂದ ಉಸಿರು ಹೋಗುತ್ತದೆ. ಅದಕ್ಕೆ ಕನ್ನಡದಲ್ಲಿ ಅಕ್ಷರವಿರಲಿಲ್ಲ, ಆದ್ದರಿಂದ ಕಲ್ಲಿನಲ್ಲಿ ಗುರುತೂ ಇಲ್ಲ.

ಜಪಾನಿ ಭಾಷೆಯೂ ಇದೇ ದಾರಿಯಲ್ಲಿ ನಡೆಯಿತು. ಅಲ್ಲಿಯ ಪಕಾರ ತುಟಿಯ ಉಸಿರಾಗಿ, ಆಮೇಲೆ ಹಕಾರವಾಯಿತು. ಅವರ ಅದೃಷ್ಟಕ್ಕೆ ಒಂದು ಸಾಕ್ಷಿ ಉಳಿದಿದೆ. ಗೋ-ನಾರ ಚಕ್ರವರ್ತಿಯ ಹೆಸರಿನಲ್ಲಿರುವ, 1516ರ ಒಗಟುಗಳ ಸಂಗ್ರಹದಲ್ಲಿ ಒಂದು ಒಗಟು ಇದೆ. ತಾಯಿಯ ಜೊತೆ ಎರಡು ಸಲ ಭೇಟಿಯಾಗುವ, ತಂದೆಯ ಜೊತೆ ಒಮ್ಮೆಯೂ ಭೇಟಿಯಾಗದ ವಸ್ತು ಯಾವುದು ಎಂಬುದು ಅದರ ಅರ್ಥ. ಉತ್ತರ ತುಟಿ. ಇಂದಿನ ಜಪಾನಿಯಲ್ಲಿ ತಾಯಿ ‘ಹಹ’, ತಂದೆ ‘ಚಿಚಿ’. ಎರಡರಲ್ಲೂ ತುಟಿ ಕೂಡುವುದಿಲ್ಲ, ಒಗಟು ಅರ್ಥವೇ ಆಗುವುದಿಲ್ಲ. 1516ರಲ್ಲಿ ಅರ್ಥವಾಗುತ್ತಿತ್ತು ಎಂದರೆ ಆಗ ‘ಹಹ’ ಎನ್ನಲು ತುಟಿಗಳು ಎರಡು ಸಲ ಒಂದರ ಹತ್ತಿರ ಒಂದು ಬರುತ್ತಿದ್ದವು. ಯಾರೋ ಮುಖ ನೋಡಿ ನಗಲೆಂದು ಕಟ್ಟಿದ ಮಾತು ಐನೂರು ವರ್ಷಗಳ ಹಿಂದಿನ ತುಟಿಯ ಚಲನೆಯನ್ನು ಹಿಡಿದಿಟ್ಟಿದೆ. ನಾನು ಓದಿದ ಮೋಷನ್ ಕ್ಯಾಪ್ಚರ್ ದಾಖಲೆಗಳಲ್ಲಿ ಇದಕ್ಕಿಂತ ಅಗ್ಗದ್ದು, ಇದಕ್ಕಿಂತ ಜಾಣ್ಮೆಯದ್ದು ಇನ್ನೊಂದಿಲ್ಲ.

ನಮ್ಮ ಕಡೆ ಬದಲಾವಣೆ ಹಕಾರಕ್ಕೇ ನಿಲ್ಲಲಿಲ್ಲ. ಹಳೆ ಮೈಸೂರಿನ ಹಳ್ಳಿಗಾಡಿನಲ್ಲಿ ಹಾಲು ‘ಆಲು’, ಹೋಗು ‘ಓಗು’, ಹಳ್ಳಿ ‘ಅಳ್ಳಿ’. ಮಹದೇಶ್ವರ ಈ ನೆಲದ ಬಾಯಲ್ಲಿ ಮಾದೇಶ್ವರ, ಮಾದಪ್ಪ. ಕಂಸಾಳೆಯವರ ಹಾಡಿನಲ್ಲಿ, ನೀಲಗಾರರ ಮಂಟೇಸ್ವಾಮಿ ಕತೆಯಲ್ಲಿ ಕೇಳುವುದು ಈ ಬಾಯಿಯೇ. ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ನಂಜನಗೂಡು ಸೀಮೆಯ ಮಾತನ್ನು ಬಾಯಿ ಹೇಳಿದ ಹಾಗೆಯೇ ಪುಟಕ್ಕೆ ಇಳಿಸಿದಾಗ ಅಚ್ಚಿನ ಕನ್ನಡಕ್ಕೆ ಒಗ್ಗಿದ ಓದುಗರು ಮೊದಲು ತಡವರಿಸಿದರು, ಗಟ್ಟಿಯಾಗಿ ಓದಿಕೊಂಡವರು ದಾಟಿದರು. ಈ ಬಾಯಲ್ಲಿ ಹರದನಹಳ್ಳಿ ‘ಅರ್ದನಳ್ಳಿ’. ಪರದನಪಳ್ಳಿಯಿಂದ ತುಟಿ ಹೋಯಿತು, ಹರದನಹಳ್ಳಿಯಿಂದ ಗಂಟಲಿನ ಉಸಿರು ಹೋಯಿತು. ಮೂರೂ ರೂಪಗಳಲ್ಲಿ ಕದಲದೆ ಉಳಿದದ್ದು ರ, ದ, ನ, ಳ್ಳ. ನಾಲ್ಕೂ ನಾಲಗೆಯ ಕೆಲಸ.

‘ಆಲು’ ಎಂದವರನ್ನು ಕಂಡು ನಗುವುದು ನಮ್ಮ ತರಗತಿಗಳಲ್ಲೂ ಸಿನಿಮಾ ಹಾಸ್ಯದಲ್ಲೂ ಹಳೆಯ ಚಾಳಿ. ಹಾಲು ಎನ್ನುವವರೂ ‘ಪಾಲ್’ ಅನ್ನು ಕೆಡಿಸಿದವರ ವಂಶದವರೇ ಎಂಬುದು ನಗುವವರಿಗೆ ನೆನಪಿರುವುದಿಲ್ಲ. ಮೊದಲನೆಯ ಬದಲಾವಣೆಗೆ ಅಕ್ಷರ ಸಿಕ್ಕಿತು, ಆದ್ದರಿಂದ ಅದು ವ್ಯಾಕರಣ. ಎರಡನೆಯದಕ್ಕೆ ಅಚ್ಚಿನ ಮನ್ನಣೆ ಸಿಗಲಿಲ್ಲ, ಆದ್ದರಿಂದ ಅದು ತಪ್ಪು. ಈ ಮಾತಿಗೆ ಮತ್ತೆ ಬರುತ್ತೇನೆ.

ಮಾತಾಡುವ ಬಾಯಿಯನ್ನು ಯಂತ್ರದಿಂದ ಹಿಡಿಯುವ ಪ್ರಯತ್ನ ಶುರುವಾದದ್ದು ಯೂರೋಪಿನಲ್ಲಿ, ಅದೂ ಕಿವಿ ಕೇಳದವರ ಸಲುವಾಗಿ. ಪ್ಯಾರಿಸ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮರೆ 1880ರ ದಶಕದಲ್ಲಿ ಮನುಷ್ಯನಿಗೆ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿನ ಉದ್ದಕ್ಕೆ ಬಿಳಿ ಪಟ್ಟಿ ಹಚ್ಚಿ, ಒಂದೇ ಫಲಕದ ಮೇಲೆ ನಡಿಗೆಯ ಹತ್ತಾರು ಕ್ಷಣಗಳನ್ನು ಸೆರೆಹಿಡಿದ. ಇಂದಿನ ಮಣಿಗಳ ಅಜ್ಜ ಆ ಬಿಳಿ ಪಟ್ಟಿ. ಅವನ ಸಹಾಯಕ ಜಾರ್ಜ್ ದೆಮೆನಿ 1891ರಲ್ಲಿ ಕ್ಯಾಮೆರಾವನ್ನು ತನ್ನ ಮುಖಕ್ಕೇ ತಿರುಗಿಸಿಕೊಂಡು ಎರಡು ವಾಕ್ಯ ಹೇಳಿದ. ಒಂದರ ಅರ್ಥ ನಿಮ್ಮನ್ನು ಪ್ರೀತಿಸುತ್ತೇನೆ, ಇನ್ನೊಂದರದು ಫ್ರಾನ್ಸಿಗೆ ಜಯವಾಗಲಿ. ತುಟಿ ಓದುವುದನ್ನು ಕಲಿಯುವ ಕಿವುಡರಿಗೆ ಈ ಚಿತ್ರಗಳು ನೆರವಾಗಲಿ ಎಂಬುದು ಉದ್ದೇಶ. ಆ ಫೋಟೋಗಳನ್ನು ನೋಡಿದವರಿಗೆ ದೆಮೆನಿಯ ಗಂಭೀರ ಮೀಸೆಯ ಕೆಳಗೆ ಬಾಯಿ ಪಡುವ ಪಾಡು ಕಂಡು ನಗು ಬರುತ್ತದೆ. ನಾನು ಗಮನಿಸಿದ್ದು ಬೇರೆ. ಅವನು ಆರಿಸಿಕೊಂಡ ಎರಡೂ ವಾಕ್ಯಗಳು ಫ್ರೆಂಚಿನಲ್ಲಿ ತುಟಿಯ ವ್ಯಂಜನಗಳಿಂದ ತುಂಬಿವೆ. ಮುಖದ ಮೇಲೆ ಕಾಣುವ ಮಾತನ್ನೇ ಅವನು ಹೇಳಿದ. ಹರದನಹಳ್ಳಿಯಂಥ ಮಾತು ಹೇಳಿದ್ದರೆ ಪ್ರಯೋಗ ಅಲ್ಲೇ ಸೋಲುತ್ತಿತ್ತು.

ಬಾಯೊಳಗೆ ನೋಡಲು ಬೇರೆ ಉಪಾಯ ಬೇಕಿತ್ತು. ಲಂಡನ್ನಿನ ದಂತವೈದ್ಯ ಓಕ್ಲಿ ಕೋಲ್ಸ್ 1870ರ ದಶಕದ ಆರಂಭದಲ್ಲೇ ಅಂಗುಳಿಗೆ ಹಿಟ್ಟು ಮತ್ತು ಅಂಟಿನ ಮಿಶ್ರಣ ಬಳಿದುಕೊಂಡು, ಒಂದೊಂದು ಧ್ವನಿ ಉಚ್ಚರಿಸಿ, ನಾಲಗೆ ಎಲ್ಲಿ ಮುಟ್ಟಿ ಅಳಿಸಿತು ಎಂದು ಕನ್ನಡಿಯಲ್ಲಿ ನೋಡಿಕೊಂಡಿದ್ದ. ಮುಂದೆ ಎಕ್ಸ್‌ರೇ ಬಂತು. ಭಾರತೀಯ ಭಾಷೆಗಳ ಟ, ಡ, ಣ, ಳ ಯೂರೋಪಿನವರಿಗೆ ಮೊದಲಿಂದಲೂ ಕುತೂಹಲದ ವಸ್ತು. 1955ರಲ್ಲಿ ಶ್ವಾರ್ನಿ ಮತ್ತು ಜ್ವೆಲೆಬಿಲ್ ಎಂಬ ಜೆಕ್ ವಿದ್ವಾಂಸರು ತಮಿಳನ್ನು ಮುಖ್ಯವಾಗಿಟ್ಟುಕೊಂಡು ಈ ಮೂರ್ಧನ್ಯಗಳ ಬಗ್ಗೆ ಲೇಖನ ಬರೆದರು. 1983ರಲ್ಲಿ ಪೀಟರ್ ಲಡೆಫೋಗೆಡ್ ಮತ್ತು ಪೆರಿ ಭಾಸ್ಕರರಾವ್ ಹಿಂದಿ, ತೆಲುಗು, ತಮಿಳು ಮಾತಾಡುವವರ ಎಕ್ಸ್‌ರೇ ಚಿತ್ರಗಳನ್ನು ಹೋಲಿಸಿ, ನಾವು ಒಂದೇ ಅಕ್ಷರದಿಂದ ಸೂಚಿಸುವ ಟಕಾರ ದ್ರಾವಿಡ ಬಾಯಲ್ಲಿ ಹೆಚ್ಚು ಹಿಂದಕ್ಕೆ ಸುರುಳುತ್ತದೆ, ಹಿಂದಿಯಲ್ಲಿ ಅಷ್ಟಿಲ್ಲ ಎಂದು ತೋರಿಸಿದರು. ಆದರೆ ಎಕ್ಸ್‌ರೇಯನ್ನು ಗಂಟೆಗಟ್ಟಲೆ ಯಾರ ತಲೆಗೂ ಹಿಡಿಯುವಂತಿಲ್ಲ.

ಮುಖದ ಮಣಿಗಳು ಆಗ ಮತ್ತೆ ಮುಖ್ಯವಾದವು. ಗದ್ದಲದ ನಡುವೆ ಮಾತಾಡುವವರ ಮುಖ ಕಾಣುತ್ತಿದ್ದರೆ ಮಾತು ಹೆಚ್ಚು ತಿಳಿಯುತ್ತದೆ ಎಂದು ಸಂಬಿ ಮತ್ತು ಪೊಲಾಕ್ 1954ರಲ್ಲಿ ಅಳೆದು ಹೇಳಿದ್ದರು. 1976ರಲ್ಲಿ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಇನ್ನೂ ಮುಂದೆ ಹೋದರು. ‘ಗ’ ಎನ್ನುವ ಮುಖಕ್ಕೆ ‘ಬ’ ಎಂಬ ಸದ್ದು ಜೋಡಿಸಿದರೆ ಕೇಳುಗರಿಗೆ ‘ದ’ ಕೇಳಿಸುತ್ತದೆ. ನಾವು ಕಣ್ಣಿನಿಂದಲೂ ಕೇಳುತ್ತೇವೆ. ಹಾಗಾದರೆ ಮುಖದಲ್ಲಿ ಎಷ್ಟು ಮಾತಿದೆ? ಇದಕ್ಕೆ ಒಂದು ಅಂಕಿ ಸಿಕ್ಕಿದ್ದು 1998ರಲ್ಲಿ. ಯೆಹಿಯಾ, ರೂಬಿನ್, ವಟಿಕಿಯೋಟಿಸ್-ಬೇಟ್ಸನ್ ಎಂಬ ಮೂವರು ಮುಖದ ಮಣಿಗಳ ಚಲನೆಯನ್ನೂ ಬಾಯೊಳಗೆ ಅಂಟಿಸಿದ ಸಂವೇದಕಗಳ ಚಲನೆಯನ್ನೂ ಜೋಡಿಸಿ ಲೆಕ್ಕ ಹಾಕಿದರು. ಬಾಯೊಳಗಿನ ಏರಿಳಿತದ ಸುಮಾರು 80 ಪ್ರತಿಶತವನ್ನು ಮುಖದಿಂದಲೇ ಅಂದಾಜಿಸಬಹುದು ಎಂದು ಬಂತು. ಬೆರಗಿನ ಫಲಿತಾಂಶವೇ. ಆದರೆ ಮಾತಾಡಿದವರು ಒಬ್ಬರು ಅಮೆರಿಕನ್ ಇಂಗ್ಲಿಷಿನವರು, ಒಬ್ಬರು ಜಪಾನಿಯವರು. ಹಲ್ಲಿ ಬೇರೆ, ಹಳ್ಳಿ ಬೇರೆ ಎನ್ನುವ ಭಾಷೆ ಆ ಎರಡರಲ್ಲಿ ಯಾವುದೂ ಅಲ್ಲ.

ಹಲ್ಲಿ ಎನ್ನಿ, ಹಳ್ಳಿ ಎನ್ನಿ. ಹೊರಗೆ ನಿಂತವರಿಗೆ ಕಾಣುವ ವ್ಯತ್ಯಾಸ ಅತ್ಯಲ್ಪ. ಒಳಗೆ ಮಾತ್ರ ನಾಲಗೆಯ ತುದಿ ಒಂದರಲ್ಲಿ ಹಲ್ಲಿನ ಹಿಂದೆ ನಿಲ್ಲುತ್ತದೆ, ಇನ್ನೊಂದರಲ್ಲಿ ಮೇಲೆದ್ದು ಹಿಂದಕ್ಕೆ ಸುರುಳುತ್ತದೆ. ಕನ್ನಡದ ಮುಖದ ಮೇಲೆ ಆ 80 ಪ್ರತಿಶತ ನಿಲ್ಲುತ್ತದೆಯೇ ಎಂಬುದು ನನ್ನ ಅನುಮಾನ. ಮಿಕ್ಕ 20ರಲ್ಲೇ ನಮ್ಮ ಭಾಷೆಯ ಬಹುಪಾಲು ಜಗಳ ಅಡಗಿದೆ.

ಈ ಒಳಗಿನ ಚಲನೆಯನ್ನು ಕನ್ನಡದಲ್ಲೇ ಹಿಡಿದ ಕೆಲಸ ನಡೆದದ್ದು ಚಾಮರಾಜನಗರಕ್ಕೆ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಲ್ಲಿ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಊರಿನವರ ಬಾಯಲ್ಲಿ ಅದು ‘ಸ್ಪೀಚ್ ಅಂಡ್ ಹಿಯರಿಂಗ್’. ಅಲ್ಲಿಯ ಎನ್. ಶ್ರೀದೇವಿ ಮತ್ತು ಸಂಗಡಿಗರು ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸೇ ಕೊಚೆಟೊವ್ ಜೊತೆ ಸೇರಿ ಕನ್ನಡದ ಒತ್ತಕ್ಷರದ ಸ್ಪರ್ಶಗಳ ಬಗ್ಗೆ ನಡೆಸಿದ ಅಧ್ಯಯನ 2014ರಲ್ಲಿ ‘ಜರ್ನಲ್ ಆಫ್ ಫೊನೆಟಿಕ್ಸ್’ನಲ್ಲಿ ಪ್ರಕಟವಾಯಿತು. ಬಳಸಿದ್ದು ಎರಡು ಯಂತ್ರ. ಒಂದು ಅಲ್ಟ್ರಾಸೌಂಡ್. ಬಸುರಿನಲ್ಲಿ ಮಗುವನ್ನು ನೋಡುವ ಅದೇ ಸಾಧನವನ್ನು ಗದ್ದದ ಕೆಳಗೆ ಹಿಡಿದರೆ ನಾಲಗೆಯ ಬೆನ್ನು ಬಿಳಿ ಗೆರೆಯಾಗಿ ತೆರೆಯ ಮೇಲೆ ಓಡಾಡುತ್ತದೆ. ಇನ್ನೊಂದು ಆರ್ಟಿಕ್ಯುಲೋಗ್ರಾಫ್. ನಾಲಗೆ, ತುಟಿ, ದವಡೆಗೆ ಅಕ್ಕಿಕಾಳಿನಷ್ಟು ಚಿಕ್ಕ ಸಂವೇದಕಗಳನ್ನು ಅಂಟಿಸಿ, ತಲೆಯ ಸುತ್ತ ದುರ್ಬಲ ಕಾಂತಕ್ಷೇತ್ರ ಹುಟ್ಟಿಸಿ, ಅವು ಎಲ್ಲಿವೆ ಎಂದು ಸೆಕೆಂಡಿಗೆ ನೂರಾರು ಬಾರಿ ಗುರುತಿಸುವ ಯಂತ್ರ. ಕ್ಯಾಮೆರಾಕ್ಕೆ ಕಾಣದ ಕಡೆ ನಡೆಯುವ ಮೋಷನ್ ಕ್ಯಾಪ್ಚರ್ ಎಂದರೆ ಇದೇ.

ನಮ್ಮ ಟ್ಟಕಾರದ ಬಗ್ಗೆ ಇಂಥ ಅಳತೆಗಳು ಹೇಳುವುದನ್ನು ವ್ಯಾಕರಣ ಪುಸ್ತಕ ಹೇಳುವುದಿಲ್ಲ. ಪುಸ್ತಕಕ್ಕೆ ಮೂರ್ಧನ್ಯವೆಂದರೆ ಒಂದು ಸ್ಥಾನ, ನಾಲಗೆ ಅಲ್ಲಿಗೆ ಹೋಗಿ ಮುಟ್ಟಿ ಬರುತ್ತದೆ. ಅಳೆದಾಗ ಕಂಡದ್ದು ಒಂದು ಪಯಣ. ನಾಲಗೆಯ ತುದಿ ಹಿಂದೆ ಸುರುಳಿ ಅಂಗುಳಿಗೆ ಒತ್ತುತ್ತದೆ, ಗಾಳಿ ನಿಂತಿರುವಾಗಲೇ ಒತ್ತಿಕೊಂಡೇ ಮುಂದಕ್ಕೆ ಸರಿಯುತ್ತದೆ, ಹಲ್ಲಿನ ಕಡೆಗೆ ಬಂದು ಬಿಡುತ್ತದೆ. ಸದ್ದಿಲ್ಲದ ಆ ಗಳಿಗೆಯಲ್ಲೇ ನಾಲಗೆ ಅತ್ಯಂತ ಚುರುಕಾಗಿರುತ್ತದೆ. ಅಟ್ಟ, ಬೆಟ್ಟ, ಹಟ್ಟಿ ಎಂದು ದಿನಕ್ಕೆ ನೂರು ಸಲ ಹೇಳುವ ನಮಗೆ ಇದರ ಅರಿವೇ ಇಲ್ಲ.

ಯಂತ್ರವಿಲ್ಲದ ಕಾಲದಲ್ಲಿ ನಮ್ಮವರು ಎಷ್ಟನ್ನು ಹಿಡಿದಿದ್ದರು? ಶಿಕ್ಷಾ ಗ್ರಂಥಗಳು ಬಾಯನ್ನು ಭೂಪಟದಂತೆ ಹಂಚಿಕೊಂಡವು: ಕಂಠ, ತಾಲು, ಮೂರ್ಧ, ದಂತ, ಓಷ್ಠ. ಪಾಣಿನೀಯ ಶಿಕ್ಷೆಯಲ್ಲಿ ಕೆಟ್ಟ ಪಾಠಕರ ಪಟ್ಟಿಯೊಂದಿದೆ. ರಾಗ ಎಳೆಯುವವನು, ಅವಸರದವನು, ಬರೆದದ್ದನ್ನು ನೋಡಿ ಓದುವವನು ಇವರ ಸಾಲಿನಲ್ಲಿ ತಲೆ ಅಲ್ಲಾಡಿಸುವವನೂ ಇದ್ದಾನೆ. 2004ರಲ್ಲಿ ಮನ್‌ಹಾಲ್ ಮತ್ತು ಸಂಗಡಿಗರು ಜಪಾನಿ ಮಾತುಗಾರನ ಚಲನೆಯನ್ನು ಸೆರೆಹಿಡಿದು ಕಂಪ್ಯೂಟರಿನ ಮುಖಕ್ಕೆ ತೊಡಿಸಿ ನೋಡಿದಾಗ, ತಲೆ ಸಹಜವಾಗಿ ಅಲ್ಲಾಡುತ್ತಿದ್ದ ಮುಖದ ಮಾತೇ ಗದ್ದಲದಲ್ಲಿ ಹೆಚ್ಚು ತಿಳಿಯಿತು. ದನಿಯ ಏರಿಳಿತದ ಜೊತೆ ತಲೆಯೂ ಏರಿಳಿಯುತ್ತದೆ. ಶಿಕ್ಷಾಕಾರನಿಗೆ ಇದು ತಿಳಿದಿರಲಿಲ್ಲ ಎನ್ನಲಾರೆ. ಅವನಿಗೆ ಬೇಕಿದ್ದದ್ದು ಎದುರಿನವರಿಗೆ ಅರ್ಥವಾಗುವ ಮಾತಲ್ಲ, ಒಂದಕ್ಷರ ಕದಲದ ಪಾಠ. ಕದಲುವ ತಲೆಯನ್ನು ಗಮನಿಸಿದ್ದರಿಂದಲೇ ಅದನ್ನು ನಿಷೇಧಿಸಿದ.

ಕನ್ನಡಕ್ಕೆ ಬಂದರೆ ಕೇಶಿರಾಜ. ಸುಮಾರು 1260ರ ‘ಶಬ್ದಮಣಿದರ್ಪಣ’ದಲ್ಲಿ ಅವನು ಧ್ವನಿಯ ಹುಟ್ಟನ್ನು ಹೇಳುವ ಪರಿ ವಿಚಿತ್ರ. ಜೀವದ ಇಚ್ಛೆಯಿಂದ, ಅನುಕೂಲ ಗಾಳಿಯಿಂದ ಹೊಕ್ಕುಳ ಬುಡದಲ್ಲಿ ಕಹಳೆಯ ಹಾಗೆ ಶಬ್ದವೆಂಬ ದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ. ಇಂದಿನ ಧ್ವನಿಶಾಸ್ತ್ರದ ವಿದ್ಯಾರ್ಥಿಗಳು ಈ ಬಿಳಿ ಬಣ್ಣಕ್ಕೆ ನಕ್ಕು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಅವನ ನಿಜವಾದ ಪ್ರತಿಭೆ ಇರುವುದು ಮುಂದೆ, ಳಕಾರಗಳನ್ನು ಬಿಡಿಸುವ ಕಡೆ. ಕುಳ, ಕ್ಷಳ, ರೞ ಎಂದು ಅವನು ಬೇರೆ ಬೇರೆ ಹೆಸರಿಟ್ಟು ವಿಂಗಡಿಸುತ್ತಾನೆ. ರೞ ಎಂದರೆ ೞಕಾರ, ಇಂದು ಕನ್ನಡದ ಬಾಯಿಂದ ಪೂರ್ತಿ ಹೋಗಿರುವ ಅಕ್ಷರ. ಮೞೆ, ಏೞು, ಬಾೞ್, ಕೋೞಿ. ತಮಿಳರು ಇಂದಿಗೂ ಹೇಳುವ, ಕನ್ನಡಿಗರು ಅಣಕಿಸಲು ಹೋಗಿ ಸೋಲುವ ಅದೇ ಧ್ವನಿ.

ಕೇಶಿರಾಜ ೞಕಾರ ಇರುವ ಶಬ್ದಗಳ ಪಟ್ಟಿಯನ್ನೇ ಕೊಡುತ್ತಾನೆ. ಪಟ್ಟಿ ಏಕೆ ಬೇಕಾಯಿತು? ಎಲ್ಲರ ಬಾಯಲ್ಲೂ ಜೀವಂತವಾಗಿರುವ ಧ್ವನಿಗೆ ಯಾರೂ ಪಟ್ಟಿ ಮಾಡುವುದಿಲ್ಲ. ಹಳೆಯ ಕಾವ್ಯದಲ್ಲಿ ಪ್ರಾಸ ಎಂದರೆ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಮೞೆಗೂ ಇಳೆಗೂ ಪ್ರಾಸ ಹಾಕಿದರೆ ದೋಷ. 1260ರ ಕವಿಗೆ ಎರಡೂ ಒಂದೇ ಕೇಳತೊಡಗಿದ್ದರೆ ಯಾವ ಶಬ್ದಕ್ಕೆ ಯಾವ ಳ ಎಂದು ಅವನು ಉರುಹೊಡೆಯಬೇಕು. ಕೇಶಿರಾಜನ ಪಟ್ಟಿ ಆ ಉರುಹೊಡೆಯುವ ಕವಿಗಾಗಿ. ಸಾಯುತ್ತಿರುವ ಧ್ವನಿಯ ಪಕ್ಕದಲ್ಲಿ ಕೂತು ಹೆಸರು ಬರೆದುಕೊಂಡವನು ಅವನು. ಶಬ್ದಗಳನ್ನು ಉಳಿಸಿದ, ನಾಲಗೆಯ ಚಲನೆಯನ್ನು ಉಳಿಸುವ ಸಾಧನ ಅವನ ಬಳಿ ಇರಲಿಲ್ಲ.

ೞಕಾರ ಹೋದ ಮೇಲೆ ಕೆಲವೆಡೆ ಳಕಾರವಾಯಿತು: ಮಳೆ, ಏಳು, ಬಾಳು. ಕೆಲವೆಡೆ ರೇಫವಾಗಿ, ಮುಂದಿನ ಅಕ್ಷರದೊಳಗೆ ಕರಗಿ ಹೋಯಿತು: ಪೊೞ್ತು, ಪೊರ್ತು, ಹೊತ್ತು. ಹರದನಹಳ್ಳಿ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಹೆಸರಾಗುವುದು ಇದೆಲ್ಲ ಮುಗಿದ ಮೇಲೆ. ಗೋಸಲ ಚನ್ನಬಸವೇಶ್ವರರ ಶಿಷ್ಯ, ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳು 15ನೆಯ ಶತಮಾನದಲ್ಲಿ ಹುಟ್ಟಿದ್ದು ಇಲ್ಲೇ ಎಂಬುದು ಪರಂಪರೆ. ‘ಷಟ್‌ಸ್ಥಲ ಜ್ಞಾನಸಾರಾಮೃತ’ದ ಏಳುನೂರಕ್ಕೂ ಹೆಚ್ಚು ವಚನಗಳು ಅವರವು. ವಚನ ಎಂದರೆ ಮಾತು, ಆಡಿದ್ದು. ಅದು ನಮಗೆ ಬಂದಿರುವುದು ಓಲೆಯಲ್ಲಿ. ದಿವ್ಯಲಿಂಗೇಶ್ವರ ದೇವಾಲಯದ ಊರಿನಲ್ಲಿ ಬೆಳೆದ ಹುಡುಗ ಊರಿನ ಹೆಸರನ್ನು ಹಕಾರ ಹಿಡಿದು ಹೇಳಿದನೋ ಬಿಟ್ಟು ಹೇಳಿದನೋ, ಓಲೆ ಅದನ್ನು ಉಳಿಸಿಕೊಂಡಿಲ್ಲ.

ಇಲ್ಲಿಂದ ಗುಂಡ್ಲುಪೇಟೆಗೆ ಹೋಗಿ, ಬಂಡೀಪುರ, ಮುದುಮಲೆ ಕಾಡು ದಾಟಿ ಘಾಟಿ ಹತ್ತಿದರೆ ನೀಲಗಿರಿ. ಅಲ್ಲಿಯ ಬಡಗರು ಒಂದು ಲಕ್ಷಕ್ಕೂ ಹೆಚ್ಚು ಜನ. ಬಡಗ ಎಂದರೆ ಬಡಗಣದವನು, ಉತ್ತರದಿಂದ ಬಂದವನು. ತಾವು ಮೈಸೂರು ಸೀಮೆಯ ದಕ್ಷಿಣದಿಂದ ಬೆಟ್ಟ ಹತ್ತಿದವರೆಂದು ಅವರ ಕತೆಗಳು ಹೇಳುತ್ತವೆ. ವಿಜಯನಗರ ಮುರಿದ ನಂತರದ ಗೊಂದಲದ ಕಾಲಕ್ಕೆ ಈ ವಲಸೆಯನ್ನು ಜೋಡಿಸುವುದು ರೂಢಿ. ಅವರ ಮಾತು ಕನ್ನಡದ ಉಪಭಾಷೆಯೋ ಬೇರೆ ಭಾಷೆಯೋ ಎಂಬ ವಾದ ಇನ್ನೂ ಇದೆ. ಊರಿಗೆ ಅವರು ಹಟ್ಟಿ ಎನ್ನುತ್ತಾರೆ. ಪಟ್ಟಿಯ ಪಕಾರ ಅವರ ಬಾಯಲ್ಲೂ ಹೋಗಿದೆ.

1930ರ ದಶಕದಲ್ಲಿ ನೀಲಗಿರಿಯಲ್ಲಿ ಮೂರು ವರ್ಷ ಇದ್ದ ಎಮ್. ಬಿ. ಎಮೆನೋ 1939ರಲ್ಲಿ ಬಡಗ ಭಾಷೆಯ ಸ್ವರಗಳ ಬಗ್ಗೆ ಒಂದು ಪುಟ್ಟ ಲೇಖನ ಬರೆದ. ಸ್ವರಗಳು ಐದೇ, ಹ್ರಸ್ವ ದೀರ್ಘ ಸೇರಿ ಹತ್ತು. ಆದರೆ ಪ್ರತಿಯೊಂದಕ್ಕೂ ಮೂರು ರೂಪ. ಸಾದಾ, ನಾಲಗೆ ಅರ್ಧ ಸುರುಳಿದ್ದು, ಪೂರ್ತಿ ಸುರುಳಿದ್ದು. ಒಟ್ಟು 30. ಜಗತ್ತಿನಲ್ಲಿ ಬೇರೆಲ್ಲೂ ಕೇಳಿಬರದಂಥ ಏರ್ಪಾಡು. ಲಡೆಫೋಗೆಡ್ ಮತ್ತು ಮ್ಯಾಡಿಸನ್ ಜಗತ್ತಿನ ಭಾಷೆಗಳ ಧ್ವನಿಗಳನ್ನು ಕುರಿತ ತಮ್ಮ 1996ರ ಗ್ರಂಥದಲ್ಲಿ ಕೊಡುವ ಉದಾಹರಣೆ ಇದು: ಒಂದೇ ‘ಬೆ’. ನಾಲಗೆ ಸುರುಳದಿದ್ದರೆ ಬಾಯಿ. ಅರ್ಧ ಸುರುಳಿದರೆ ಬಳೆ. ಪೂರ್ತಿ ಸುರುಳಿದರೆ ಬೆಳೆ.

ನಮ್ಮ ಕನ್ನಡದಲ್ಲಿ ಬಳೆ, ಬೆಳೆ ಎರಡರಲ್ಲೂ ಳಕಾರ ಗಟ್ಟಿಯಾಗಿ ಕೂತಿದೆ. ಬಡಗರಲ್ಲಿ ಆ ವ್ಯಂಜನ ಹೊರಟು ಹೋಯಿತು, ಹೋಗುವಾಗ ನಾಲಗೆಯ ಸುರುಳಿಯನ್ನು ಪಕ್ಕದ ಸ್ವರದಲ್ಲಿ ಬಿಟ್ಟು ಹೋಯಿತು. ಏಳು ಎಂಬ ಸಂಖ್ಯೆಯ ಅವರ ಮಾತಿನಲ್ಲೂ ವ್ಯಂಜನವಿಲ್ಲ, ಸ್ವರವೇ ಸುರುಳಿದೆ. ಕೇಶಿರಾಜ ಪಟ್ಟಿ ಮಾಡಿದ ಶಬ್ದಗಳ ಸಾಲಿನದು ಅದು. ಹಳೆಯ ಮಾತಿನ ಚಲನೆ ಅಕ್ಷರದಲ್ಲಿ ಅಲ್ಲ, ಬಾಯಲ್ಲೇ ದಾಖಲಾಗಿ ಬೆಟ್ಟದ ಮೇಲೆ ಉಳಿದಿತ್ತು.

ಎಮೆನೋ ಇದನ್ನು ಕಿವಿಯಿಂದ ಹಿಡಿದ. ಮುಂದಿನ ತಲೆಮಾರಿನ ಸಂಶೋಧಕರು ಯಂತ್ರ ಹಿಡಿದು ಹೋಗುವ ಹೊತ್ತಿಗೆ ಮೂರೂ ಹಂತಗಳನ್ನು ಬೇರೆ ಬೇರೆ ಹೇಳುವವರು ವಿರಳವಾಗಿದ್ದರು. ಇಂದು ಸುರುಳಿ ಕೆಲವೇ ಸ್ವರಗಳಲ್ಲಿ ಉಳಿದಿದೆ. ಎಕ್ಸ್‌ರೇ ತಮಿಳು, ತೆಲುಗಿಗೆ ಸಿಕ್ಕಿತು, ಆರ್ಟಿಕ್ಯುಲೋಗ್ರಾಫ್ ಮೈಸೂರಿಗೆ ಬಂತು, ಅಷ್ಟರಲ್ಲಿ ಅಳೆಯಬೇಕಾಗಿದ್ದ ಬಾಯಿಗಳು ಕಡಿಮೆಯಾದವು. ಗ್ರಿಯರ್ಸನ್ನನ ಭಾಷಾ ಸರ್ವೇ ಮೈಸೂರು ಸಂಸ್ಥಾನವನ್ನೂ ಮದ್ರಾಸ್ ಪ್ರಾಂತವನ್ನೂ ಹೊರಗಿಟ್ಟಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಹರದನಹಳ್ಳಿಯಿಂದ ನೀಲಗಿರಿಯವರೆಗಿನ ಈ ಪಟ್ಟಿ ಆ ಸರ್ವೇಯ ಎರಡೂ ಖಾಲಿ ಜಾಗಗಳ ಗಡಿ.

ಹಕಾರಕ್ಕೆ ಮತ್ತೆ ಬರುತ್ತೇನೆ ಎಂದಿದ್ದೆ. ಮಾತಿನ ತೊಂದರೆ ಇರುವ ಮಕ್ಕಳನ್ನು ಪರೀಕ್ಷಿಸಲು ಕನ್ನಡದಲ್ಲಿ ಉಚ್ಚಾರಣಾ ಪರೀಕ್ಷೆಗಳಿವೆ. ಮೊದಲನೆಯದು 1972ರಷ್ಟು ಹಿಂದೆಯೇ ಮೈಸೂರಿನಲ್ಲಿ ಸಿದ್ಧವಾಯಿತು. ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ, ಯಾವ ಧ್ವನಿ ಬಿಟ್ಟಿತು, ಯಾವುದು ಬದಲಾಯಿತು ಎಂದು ಗುರುತು ಹಾಕುತ್ತಾರೆ. ಸೀಳು ಅಂಗುಳಿನ ಮಗು, ತಡವಾಗಿ ಶ್ರವಣಯಂತ್ರ ಸಿಕ್ಕ ಮಗು ಇವರಿಗೆ ಇದು ಬದುಕಿನ ಪ್ರಶ್ನೆ. ಹಾವಿನ ಚಿತ್ರ ನೋಡಿ ಹರದನಹಳ್ಳಿಯ ಮಗು ‘ಆವು’ ಎಂದರೆ ಅದು ದೋಷವೇ, ಅಜ್ಜಿಯ ಭಾಷೆಯೇ? ಅನುಭವಿ ಚಿಕಿತ್ಸಕರು ತಾಯಿಯನ್ನು ಮಾತಾಡಿಸಿ ಒಂದು ನಿಮಿಷದಲ್ಲಿ ತೀರ್ಮಾನಿಸುತ್ತಾರೆ. ಯಂತ್ರ ತೀರ್ಮಾನಿಸಬೇಕಾದಾಗ ಯಂತ್ರಕ್ಕೆ ಕಲಿಸಿದ ಬಾಯಿ ಯಾರದು ಎಂಬುದೇ ಎಲ್ಲ. ಪ್ರಯೋಗಾಲಯಕ್ಕೆ ಸುಲಭವಾಗಿ ಸಿಗುವುದು ಎಲ್ಲೆಡೆಯೂ ವಿದ್ಯಾರ್ಥಿಗಳ ಬಾಯಿ: ಊರು ಬಿಟ್ಟು ಬಂದು ಓದಿದ, ‘ಆಲು’ ಎಂದು ನಗಿಸಿಕೊಂಡು ತಿದ್ದಿಕೊಂಡ ಬಾಯಿ. 2023ರ ಜುಲೈನಲ್ಲಿ ಕನ್ನಡದ ಸುದ್ದಿವಾಹಿನಿಯೊಂದು ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನು ತೆರೆಗೆ ತಂದಿತು. ಅಂಥ ಮುಖಗಳು ಹೆಚ್ಚಾಗುತ್ತಲೇ ಹೋಗುತ್ತವೆ. ತುಟಿ ನೋಡಿ ಮಾತು ತಿಳಿಯುವ ಕಿವುಡ ಕನ್ನಡಿಗರು ಅವನ್ನೂ ಓದಬೇಕಾಗುತ್ತದೆ. ಪ, ಬ, ಮ ಮೂರೂ ಅವರಿಗೆ ಒಂದೇ ತುಟಿ. ಹಲ್ಲಿ, ಹಳ್ಳಿ ಒಂದೇ ಮುಖ. ಅವರಿಗೆ ನೆರವಾಗುವ ಸಣ್ಣಪುಟ್ಟ ಸುಳಿವುಗಳು, ಗದ್ದದ ಒಂದೆರಡು ಮಿಲಿಮೀಟರ್, ಕೆನ್ನೆಯ ಸಣ್ಣ ಸೆಳೆತ, ಕನ್ನಡದ ಮುಖಗಳನ್ನೇ ಅಳೆದರೆ ಮಾತ್ರ ಗೊತ್ತಾಗುವಂಥವು.

ಆರ್ಟಿಕ್ಯುಲೋಗ್ರಾಫನ್ನು ಬಸ್ಸಿನಲ್ಲಿ ಒಯ್ಯುವುದು ಕಷ್ಟ. ಅಲ್ಟ್ರಾಸೌಂಡ್ ಹಾಗಲ್ಲ, ಇಂದು ಅದು ಲ್ಯಾಪ್‌ಟಾಪಿನ ಜೊತೆ ಒಂದೇ ಚೀಲದಲ್ಲಿ ಹಿಡಿಸುತ್ತದೆ. ಮುಖದ ಚಲನೆಗೂ ಮಣಿ ಬೇಡ, ಒಳ್ಳೆಯ ಕ್ಯಾಮೆರಾ ಮತ್ತು ತುಟಿಯ ಅಂಚನ್ನು ತಾನೇ ಹಿಂಬಾಲಿಸುವ ತಂತ್ರಾಂಶ ಸಾಕು. ಹೇಳಿಸಬೇಕಾದ ಮಾತುಗಳ ಪಟ್ಟಿ ಉದ್ದವೇನಲ್ಲ. ಹಲ್ಲಿ, ಹಳ್ಳಿ. ಹಾಲು, ಹಾವು, ಹತ್ತು. ಏಳು, ಮಳೆ, ಕೋಳಿ. ಬಾಯಿ, ಬಳೆ, ಬೆಳೆ. ಶಾಲೆಗೆ ಹೋಗದ ಅಜ್ಜಿಯರಿಂದ ಮೊದಲು, ಹೋದ ಮೊಮ್ಮಕ್ಕಳಿಂದ ಆಮೇಲೆ. ತಾಳವಾಡಿ ಕಡೆಯ ಕನ್ನಡದ ಮನೆಗಳಲ್ಲೂ ಕೇಳಬೇಕು. ತಮಿಳುನಾಡಿಗೆ ಸೇರಿದ ಆ ಊರುಗಳ ಮಕ್ಕಳು ಶಾಲೆಯಲ್ಲಿ ತಮಿಳಿನ ಅಕ್ಷರಮಾಲೆಯೊಂದಿಗೆ ೞಕಾರವನ್ನೂ ಕಲಿಯುತ್ತಾರೆ, ಮನೆಗೆ ಬಂದು ಮಳೆ ಎನ್ನುತ್ತಾರೆ. ಒಂದೇ ನಾಲಗೆ, ದಿನಕ್ಕೆ ಎರಡು ಶತಮಾನಗಳ ನಡುವೆ ಓಡಾಡುತ್ತದೆ. ಚಾಮರಾಜನಗರದಿಂದ ಆ ಕಡೆ ಹೋಗುವ ದಾರಿಯಲ್ಲೇ ಹರದನಹಳ್ಳಿ ಸಿಗುತ್ತದೆ.